ಪಾದ ಜೋತುಬಿದ್ದರೆ ಸಕ್ಕರೆ ಕಾಯಿಲೆಯೊಂದೇ ಕಾರಣವಲ್ಲ



ಕೈಕಾಲಿನ ನರಗಳಿಗೆ ರಕ್ತ ಒದಗಿಸುವುದು ಬಹು ಸಣ್ಣ ರಕ್ತನಾಳಗಳು. ದೇಹದ ರೋಗನಿರೋಧಕ ಶಕ್ತಿ ಈ ನಾಳಗಳ ಮೇಲೆಯೇ ತಿರುಗಿಬಿದ್ದರೆ ಅವುಗಳ ಗೋಡೆ ಊದಿಕೊಂಡು ದಾರಿ ಮುಚ್ಚುತ್ತದೆ. ರಕ್ತವಿಲ್ಲದ ನರದ ಎಳೆಗಳು ಸಾಯುತ್ತವೆ. ವ್ಯಾಸ್ಕುಲೈಟಿಸ್ ಎಂಬ ಈ ರಕ್ತನಾಳಗಳ ಉರಿಯೂತ ತರುವ ನರಹಾನಿಯನ್ನು ಜರ್ಮನಿಯ ವೈದ್ಯರಾದ ಕುಸ್ಮೌಲ್ ಮತ್ತು ಮೈಯರ್ 1866ರಷ್ಟು ಹಿಂದೆಯೇ ವಿವರಿಸಿದ್ದರು. ಆದರೂ ಇಂಥ ರೋಗಿ ಹೈದರಾಬಾದಿನ ದೊಡ್ಡಾಸ್ಪತ್ರೆಯ ನರರೋಗ ವಿಭಾಗ ತಲುಪುವ ಹೊತ್ತಿಗೆ ಎಷ್ಟೋ ಸಲ ತಿಂಗಳುಗಳೇ ಉರುಳಿರುತ್ತವೆ. ಬೀದರ್, ಕಲಬುರಗಿ, ರಾಯಚೂರಿನಿಂದ ಪಂಜಗುಟ್ಟದ ನಿಮ್ಸ್ ಆಸ್ಪತ್ರೆಗೆ ಬರುವವರ ಪಾಡೂ ಇದೇ.

ತಡವಾಗುವುದು ಊರಿನ ಮಟ್ಟದಲ್ಲಿ. ಜೋಮು ಎಂದೊಡನೆ ‘ಶುಗರ್’, ‘ನರ ವೀಕು’ ಎಂದು ಬಿ12 ಇಂಜೆಕ್ಷನ್ ಕೊಟ್ಟು ಕಳಿಸಲಾಗುತ್ತದೆ. ಸಕ್ಕರೆ ಕಾಯಿಲೆಯ ಜೋಮು ಸಾಮಾನ್ಯವಾಗಿ ಎರಡೂ ಪಾದಗಳಲ್ಲಿ ಒಟ್ಟಿಗೆ ಶುರುವಾಗಿ ವರ್ಷಗಟ್ಟಲೆ ನಿಧಾನವಾಗಿ ಮೇಲೇರುತ್ತದೆ. ವ್ಯಾಸ್ಕುಲೈಟಿಸ್ ಹಾಗಲ್ಲ. ಒಂದೇ ಕಾಲಿನಲ್ಲಿ ಉರಿನೋವು ಹೊತ್ತಿಕೊಂಡು, ಒಂದೆರಡು ದಿನಗಳಲ್ಲೇ ಪಾದ ಜೋತುಬೀಳುತ್ತದೆ. ಚಪ್ಪಲಿ ಕಳಚಿ ಬಿದ್ದದ್ದೂ ತಿಳಿಯುವುದಿಲ್ಲ. ಕೆಲವು ವಾರಗಳಲ್ಲಿ ಒಂದು ಕೈಯ ಮಣಿಕಟ್ಟು ಸೋಲಬಹುದು. ಜೊತೆಗೆ ಜ್ವರ, ತೂಕ ಇಳಿಕೆ, ಕಾಲಿನ ಮೇಲೆ ಕೆಂಪು ಚುಕ್ಕೆ, ನಡುವಯಸ್ಸಿನಲ್ಲಿ ಹೊಸದಾಗಿ ಬಂದ ಆಸ್ತಮಾ ಇದ್ದರಂತೂ ಅನುಮಾನ ಗಟ್ಟಿಯಾಗಬೇಕು.

ನಮ್ಮ ದೇಶದಲ್ಲಿ ಕುಷ್ಠರೋಗವನ್ನೂ ಮರೆಯುವಂತಿಲ್ಲ. 2005ರ ಕೊನೆಗೆ ‘ನಿರ್ಮೂಲನೆ’ ಸಾಧಿಸಿದ್ದೇವೆಂದು ಸಾರಿದರೂ ಅದು ಇಂದಿಗೂ ಬಿಡಿಬಿಡಿ ನರಗಳನ್ನು ಕೆಡಿಸುತ್ತಿದೆ. ಕುಷ್ಠ ಮತ್ತು ವ್ಯಾಸ್ಕುಲೈಟಿಸ್ ಎರಡರ ಚಿಕಿತ್ಸೆಯೂ ಪೂರ್ತಿ ಬೇರೆ. ಆದ್ದರಿಂದ ನರವಾಹಕತೆ ಪರೀಕ್ಷೆ, ಆಂಕಾ ರಕ್ತಪರೀಕ್ಷೆಗಳ ಜೊತೆಗೆ ಹಲವು ಸಲ ಕಣಕಾಲಿನ ಬಳಿಯ ನರದ ತುಣುಕು ತೆಗೆದು ಬಯಾಪ್ಸಿ ಮಾಡಬೇಕಾಗುತ್ತದೆ. ರೋಗ ಅಲ್ಲಲ್ಲಿ ಮಾತ್ರ ಇರುವುದರಿಂದ ಪಕ್ಕದ ಸ್ನಾಯುವಿನ ಚೂರನ್ನೂ ತೆಗೆದರೆ ಪತ್ತೆಯ ಸಾಧ್ಯತೆ ಹೆಚ್ಚು.

ಸ್ಟೀರಾಯ್ಡ್ ಜೊತೆಗೆ ಸೈಕ್ಲೋಫಾಸ್ಫಮೈಡ್ ಅಥವಾ ರಿಟುಕ್ಸಿಮ್ಯಾಬ್ ರೋಗವನ್ನು ತಡೆಯಬಲ್ಲವು. ಸತ್ತ ಎಳೆ ಮತ್ತೆ ಬೆಳೆಯುವುದು ಮಾತ್ರ ದಿನಕ್ಕೆ ಸುಮಾರು 1 ಮಿಲಿಮೀಟರ್. ಬೆಳೆದೇ ತೀರುತ್ತದೆಂಬ ಖಾತ್ರಿಯೂ ಇಲ್ಲ.

ತೆಲಂಗಾಣ ಸರ್ಕಾರ 2023ರ ಡಿಸೆಂಬರ್‌ನಲ್ಲಿ ಆರೋಗ್ಯಶ್ರೀ ಚಿಕಿತ್ಸಾ ಯೋಜನೆಯ ಮಿತಿಯನ್ನು 10 ಲಕ್ಷ ರೂಪಾಯಿಗೆ ಏರಿಸಿದ್ದು ಒಳ್ಳೆಯ ಕೆಲಸವೇ. ಆದರೆ ಹಣದ ಮಿತಿ ಏರಿದ ಮಾತ್ರಕ್ಕೆ ರೋಗ ಬೇಗ ಪತ್ತೆಯಾಗುವುದಿಲ್ಲ. ತೆಲಂಗಾಣ–ಕರ್ನಾಟಕ ಗಡಿಯ ಎರಡೂ ಬದಿಯ ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ನರವಾಹಕತೆ ಪರೀಕ್ಷೆ ಸಿಗಬೇಕು. ಹಠಾತ್ತನೆ ಪಾದ ಜೋತುಬಿದ್ದವರನ್ನು ಅದೇ ವಾರ ನರರೋಗ ತಜ್ಞರ ಬಳಿಗೆ ಕಳಿಸಬೇಕೆಂದು ಎರಡೂ ರಾಜ್ಯಗಳ ಆರೋಗ್ಯ ಇಲಾಖೆಗಳು ಲಿಖಿತ ಸೂಚನೆ ಹೊರಡಿಸಬೇಕು.

— ಓದುಗ, ಕಾಚಿಗುಡ, ಹೈದರಾಬಾದ್