ನವಿಲುಗಳು ಹಾರಿಹೋದ ಬಗೆ

ಅಮೆರಿಕದ ಓಹಾಯೋದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ವಾರ ಮಿಂಚಂಚೆ ಬರೆದಿದ್ದ. "ಮೇಷ್ಟ್ರೇ, ಇಲ್ಲಿ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಹುಡುಗರು ದುಡ್ಡು ಹೆಚ್ಚು ಕೊಟ್ಟವರ ಕಡೆ ವರ್ಷಕ್ಕೊಂದು ಸಲ ಹಾರುತ್ತಿದ್ದಾರೆ. ನಮಗೆಲ್ಲ ಅಷ್ಟೊಂದು ಶಿಸ್ತು ಕಲಿಸಿದ ನೀವು ಇದರ ಬಗ್ಗೆ ಒಂದು ಮಾತೂ ಬರೆದಿಲ್ಲವಲ್ಲ?" ಎಂದು ಅವನ ಆಕ್ಷೇಪ. ಅವನು ನನ್ನಿಂದ ಯಾವ ಉತ್ತರವನ್ನು ನಿರೀಕ್ಷಿಸಿದ್ದಾನೆಂದು ಬಲ್ಲೆ. ಆ ಉತ್ತರವನ್ನು ನಾನು ಕೊಡಲಾರೆ. ಏಕೆಂಬುದನ್ನು ಅವನೊಬ್ಬನಿಗೇ ಬರೆಯುವ ಬದಲು ಎಲ್ಲರೆದುರು ಬರೆಯುತ್ತಿದ್ದೇನೆ.

ನನಗೆ ಈ ಆಟದ ಹುಚ್ಚು ಹಿಡಿದದ್ದು 2022ರಲ್ಲಿ, ಜರ್ಸಿ ಸಿಟಿಯ ಮಗಳ ಮನೆಯಲ್ಲಿ. ಅವಳಿರುವುದು ಜರ್ನಲ್ ಸ್ಕ್ವೇರ್ ಬಳಿ. ಬೆಳಗಿನ ಹೊತ್ತು ಅಲ್ಲಿ ಹಿಂಗು ಒಗ್ಗರಣೆಯ ವಾಸನೆ ಬಂದರೆ ಆಶ್ಚರ್ಯಪಡಬೇಕಾಗಿಲ್ಲ, ಅಷ್ಟು ಮಂದಿ ನಮ್ಮವರಿದ್ದಾರೆ. ಅಲ್ಲಿಂದ ಕೆನಡಿ ಬುಲೆವಾರ್ಡ್ ಹಿಡಿದು ನಡೆಯುತ್ತ ಹೋದರೆ ಸೇಂಟ್ ಪೀಟರ್ಸ್ ವಿಶ್ವವಿದ್ಯಾಲಯ ಸಿಗುತ್ತದೆ. 1872ರಲ್ಲಿ ಜೆಸ್ವಿಟ್ ಪಾದ್ರಿಗಳು ಆರಂಭಿಸಿದ ಚಿಕ್ಕ ವಿದ್ಯಾಸಂಸ್ಥೆ ಅದು. ಅದರ ತಂಡಕ್ಕೆ 'ಪೀಕಾಕ್ಸ್' ಎಂದು ಹೆಸರು. ಗೋಡೆಯ ಮೇಲೆ ನವಿಲಿನ ಚಿತ್ರ ಕಂಡಾಗ, ಇಷ್ಟು ದೂರ ಬಂದು ಇದೆಲ್ಲಿ ಕುಳಿತಿತೆಂದು ನಿಂತು ನೋಡಿದ್ದೆ. ಪಕ್ಷಪಾತ ಹುಟ್ಟಲು ಅಷ್ಟು ಸಾಕಾಯಿತು.

ಪ್ರತಿ ಮಾರ್ಚ್ ತಿಂಗಳಲ್ಲಿ ಅಲ್ಲಿ 68 ಕಾಲೇಜು ತಂಡಗಳ ರಾಷ್ಟ್ರೀಯ ಟೂರ್ನಿ ನಡೆಯುತ್ತದೆ. ನಾಲ್ಕು ವಲಯಗಳು, ಪ್ರತಿ ವಲಯದಲ್ಲಿ ಒಂದರಿಂದ ಹದಿನಾರರವರೆಗೆ ಶ್ರೇಯಾಂಕ, ಸೋತವರು ಮನೆಗೆ. ಆ ವರ್ಷ ನಮ್ಮ ನವಿಲುಗಳಿಗೆ ಸಿಕ್ಕಿದ್ದು 15ನೆಯ ಶ್ರೇಯಾಂಕ. ಮೊದಲ ಎದುರಾಳಿ ಎರಡನೆಯ ಶ್ರೇಯಾಂಕದ ಕೆಂಟಕಿ. ನನ್ನ ಅಳಿಯಂದಿರು ಎಂ.ಎಸ್. ಮಾಡಿದ್ದು ಆ ಕೆಂಟಕಿಯಲ್ಲಿಯೇ! ಮಾರ್ಚ್ 17ರ ರಾತ್ರಿ ಅವರು ನೀಲಿ ಅಂಗಿ ತೊಟ್ಟು ಸೋಫಾದ ಒಂದು ತುದಿಯಲ್ಲಿ, ನಾನು ಇನ್ನೊಂದು ತುದಿಯಲ್ಲಿ. ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಗಿ 85-79ರಿಂದ ಸೇಂಟ್ ಪೀಟರ್ಸ್ ಗೆದ್ದಿತು. ಅನಂತರ ಮರ್ರೆ ಸ್ಟೇಟ್, ಅದರ ಬಳಿಕ ಪರ್ಡ್ಯೂ. 15ನೆಯ ಶ್ರೇಯಾಂಕದ ತಂಡವೊಂದು ಕೊನೆಯ ಎಂಟರ ಘಟ್ಟ ತಲುಪಿದ್ದು ಆ ಟೂರ್ನಿಯ ಇತಿಹಾಸದಲ್ಲಿ ಅದೇ ಮೊದಲು. ಮಾರ್ಚ್ 27ರಂದು ನಾರ್ತ್ ಕೆರೊಲಿನಾ ಎದುರು 69-49ರಿಂದ ಸೋತರೂ ಊರು ಅವರನ್ನು ಗೆದ್ದು ಬಂದವರಂತೆಯೇ ಕಂಡಿತು.

ಸೋತ ಮೂರನೆಯ ದಿನಕ್ಕೆ ಕೋಚ್ ಶಾಹೀನ್ ಹಾಲೋವೇ ಅದೇ ರಾಜ್ಯದ ಸೀಟನ್ ಹಾಲ್‌ಗೆ ಹೊರಟರು. ಅದು ಅವರು ಸ್ವತಃ ಓದಿ ಆಡಿದ ವಿದ್ಯಾಸಂಸ್ಥೆ, ಇನ್ನೂ ದೊಡ್ಡದು. ಬೆನ್ನಲ್ಲೇ ಹುಡುಗರೂ ಚದುರಿದರು. ಮೀಸೆಯ ಹುಡುಗ ಡಗ್ ಎಡರ್ಟ್ ಬ್ರಯಂಟ್‌ಗೆ, ಡ್ಯಾರಿಲ್ ಬ್ಯಾಂಕ್ಸ್ ಸೇಂಟ್ ಬೊನವೆಂಚರ್‌ಗೆ, ಕೆ.ಸಿ. ಎನ್‌ಡೆಫೊ ತನ್ನ ಕೋಚ್ ಇದ್ದಲ್ಲಿಗೆ. ನಾನು ಊರಿಗೆ ಮರಳುವ ಹೊತ್ತಿಗೆ ಆ ತಂಡವೆಂಬುದೇ ಉಳಿದಿರಲಿಲ್ಲ. "ನೋಡಿದಿರಾ ಮಾವ, ಇವರಿಗೆಲ್ಲ ನಿಷ್ಠೆಯೇ ಇಲ್ಲ" ಎಂದು ಅಳಿಯಂದಿರು ಹೇಳಿದರು. ಅವರ ಧ್ವನಿಯಲ್ಲಿ ಸ್ವಲ್ಪ ಸಂತೋಷವೂ ಇತ್ತೆಂದು ನನ್ನ ಗುಮಾನಿ.

ನನಗೂ ವ್ಯಥೆಯಾಗಿತ್ತು. ಅಭಿಮಾನಿಯ ವ್ಯಥೆಯನ್ನು ನಾನು ಹಗುರವಾಗಿ ಕಾಣುವವನಲ್ಲ. ಬ್ಯಾಂಕಿನ ತಂಡವನ್ನೋ ಕಂಪನಿಯ ತಂಡವನ್ನೋ ಮೆಚ್ಚುವುದಕ್ಕೂ ಕಾಲೇಜಿನ ತಂಡವನ್ನು ಮೆಚ್ಚುವುದಕ್ಕೂ ಅಂತರವಿದೆ. ನಾವು ಕುಳಿತ ಬೆಂಚಿನ ಮೇಲೆ ಕುಳಿತವನು, ನಮ್ಮ ಊಟದ ಮನೆಯಲ್ಲಿ ಉಂಡವನು ಅಂಗಳದಲ್ಲಿದ್ದಾನೆಂಬ ಭಾವನೆಯೇ ಅಲ್ಲಿ ಮುಖ್ಯ. ಮೊದಲ ವರ್ಷ ತಡವರಿಸುತ್ತಿದ್ದ ಹುಡುಗ ನಾಲ್ಕನೆಯ ವರ್ಷ ನಾಯಕನಾಗುವುದನ್ನು ನೋಡುವ ಸುಖ, ಎಂಟನೆಯ ತರಗತಿಗೆ ಬಂದ ಮಕ್ಕಳನ್ನು ಎಸ್‌ಎಸ್‌ಎಲ್‌ಸಿ ದಾಟಿಸಿ ಕಳುಹಿಸಿದ ಮೇಷ್ಟರಿಗೆ ಬೇರೆ ಯಾರೂ ವಿವರಿಸಬೇಕಾಗಿಲ್ಲ. ಆದರೆ ವ್ಯಥೆ ನನ್ನದು ಎಂದಮಾತ್ರಕ್ಕೆ ಅಪರಾಧ ಆ ಹುಡುಗನದು ಎಂದಾಗುವುದೆ? ನನ್ನ ಶಿಷ್ಯನೊಂದಿಗೆ ನನಗಿರುವ ಭಿನ್ನಾಭಿಪ್ರಾಯ ಇಷ್ಟೇ.

ಹಿಂದಿನ ನಿಯಮ ಹೇಗಿತ್ತೆಂಬುದನ್ನು ಗಮನಿಸಿ. ಕಾಲೇಜು ಕ್ರೀಡೆಯನ್ನು ಆಳುವ ಎನ್‌ಸಿಎಎ ಸಂಸ್ಥೆಯ ಕಟ್ಟಳೆಯಂತೆ, ಬ್ಯಾಸ್ಕೆಟ್‌ಬಾಲ್ ಆಟಗಾರ ಕಾಲೇಜು ಬದಲಿಸಿದರೆ ಒಂದು ಇಡೀ ವರ್ಷ ಪಂದ್ಯವಾಡದೆ ಕೂರಬೇಕಿತ್ತು. ಓದಿಗೆ ಹೊಂದಿಕೊಳ್ಳಲು ಸಮಯ ಬೇಕೆಂಬುದು ಅದಕ್ಕೆ ಕೊಟ್ಟ ಕಾರಣ. ಹಾಗಾದರೆ ಬಹುತೇಕ ಇತರ ಆಟಗಳ ಹುಡುಗರು ಮೊದಲ ಸಲ ಕಾಲೇಜು ಬದಲಿಸಿದಾಗ ಕೂಡಲೇ ಆಡಬಹುದಿತ್ತಲ್ಲ, ಅವರಿಗೆ ಓದು ಬೇಡವಾಗಿತ್ತೆ? ಕೂರಬೇಕಾಗಿದ್ದವರು ಬ್ಯಾಸ್ಕೆಟ್‌ಬಾಲ್, ಫುಟ್‌ಬಾಲ್‌ನಂಥ ಕೆಲವೇ ಆಟಗಳವರು. ಅಂದರೆ ಯಾರ ಆಟಕ್ಕೆ ಟಿಕೆಟ್ ಮಾರಾಟವಾಗುತ್ತದೆಯೋ ಅವರೇ. ಇತ್ತ 1973ರಿಂದ ವಿದ್ಯಾರ್ಥಿವೇತನವನ್ನು ವರ್ಷವರ್ಷಕ್ಕೆ ನವೀಕರಿಸುವ ಪದ್ಧತಿ ಬಂದಿತ್ತು. ಕಾಲೇಜಿಗೆ ಬೇಡವಾದರೆ ಹುಡುಗನನ್ನು ವರ್ಷದ ಕೊನೆಗೆ ಕೈಬಿಡಬಹುದು, ಹುಡುಗನಿಗೆ ಕಾಲೇಜು ಬೇಡವಾದರೆ ದಂಡ! ಇನ್ನು ಕೋಚ್‌ಗಳ ವಿಷಯ ಕೇಳುವುದೇ ಬೇಡ. ಅಳಿಯಂದಿರ ಆರಾಧ್ಯದೈವ ಜಾನ್ ಕ್ಯಾಲಿಪರಿ ಮೆಂಫಿಸ್‌ನಿಂದ 2009ರಲ್ಲಿ ಕೆಂಟಕಿಗೆ ಬಂದವರು, 2024ರಲ್ಲಿ ಕೆಂಟಕಿ ಬಿಟ್ಟು ಆರ್ಕನ್ಸಾಗೆ ಹೋದರು. ಒಂದು ದಿನವೂ ಬೆಂಚಿನ ಮೇಲೆ ಸುಮ್ಮನೆ ಕೂರಬೇಕಾಗಲಿಲ್ಲ.

ಇದನ್ನು ಓದುವಾಗ ನನಗೆ ಹಳೆಯದೊಂದು ಸಂಗತಿ ನೆನಪಾಗುತ್ತದೆ. ನಾನು ಕೆಲಸ ಮಾಡಿದ ಶಾಲೆಗಳಲ್ಲೊಂದು, ಹೆಸರು ಬೇಡ. ಕೂಲಿ ಮಾಡುವವರ ಮಗನೊಬ್ಬ ಖೊಖೊ ಆಟದಲ್ಲಿ ಮಿಂಚಿನಂತಿದ್ದ. ಜೂನ್ ತಿಂಗಳಲ್ಲಿ ಅವನಿಗೆ ಸರ್ಕಾರಿ ಕ್ರೀಡಾ ವಸತಿ ನಿಲಯದಲ್ಲಿ ಸ್ಥಳ ಸಿಕ್ಕಿತು. ಊಟ, ವಸತಿ, ತರಬೇತಿ ಎಲ್ಲವೂ ಉಚಿತ. ಬೇಕಾಗಿದ್ದದ್ದು ನಮ್ಮ ಶಾಲೆಯ ಟಿ.ಸಿ. ಮಾತ್ರ. ಮುಖ್ಯೋಪಾಧ್ಯಾಯರು, "ಜಿಲ್ಲಾ ಮಟ್ಟದ ಪಂದ್ಯ ಮುಗಿಯಲಿ, ಆಮೇಲೆ ಕೊಟ್ಟರಾಯಿತು" ಎಂದರು. ನಾನು ಎರಡು ಸಲ ಹೋಗಿ ಕೇಳಿದೆ. "ಶಾಲೆಯ ಮೇಲೆ ಅಭಿಮಾನ ಬೇಡವೇ ಮೇಷ್ಟ್ರೇ?" ಎಂದು ನನಗೇ ಬುದ್ಧಿ ಹೇಳಿದರು. ಹುಡುಗನ ತಂದೆ ಕೂಲಿ ಬಿಟ್ಟು ನಾಲ್ಕು ದಿನ ಕಚೇರಿಯ ಕಟ್ಟೆಯ ಮೇಲೆ ಕುಳಿತು ಹೋದರು. ಸೆಪ್ಟೆಂಬರಿನಲ್ಲಿ ಶಾಲೆಗೆ ಜಿಲ್ಲಾ ಫಲಕ ಬಂತು. ಅಷ್ಟರೊಳಗೆ ವಸತಿ ನಿಲಯದ ಸ್ಥಳ ಬೇರೊಬ್ಬನಿಗೆ ಹೋಗಿತ್ತು. ಆ ಫಲಕ ಗಾಜಿನ ಬೀರುವಿನಲ್ಲಿ ಬಹುಕಾಲ ಇತ್ತು. ಹುಡುಗ ಎಸ್‌ಎಸ್‌ಎಲ್‌ಸಿಗೇ ಓದು ನಿಲ್ಲಿಸಿದ. ಅಭಿಮಾನ, ನಿಷ್ಠೆ ಎಂಬ ಮಾತುಗಳನ್ನು ಮೇಲಿರುವವರು ಕೆಳಗಿರುವವರಿಗೆ ಹೇಳಿದಾಗಲೆಲ್ಲ ನನಗೆ ಆ ಬೀರು ಕಾಣುತ್ತದೆ.

ನಾವು ಮೇಷ್ಟರುಗಳೂ ವರ್ಗಾವಣೆ ಕೇಳಿದವರೇ ಅಲ್ಲವೇ? ಮಗಳ ಓದಿಗೆಂದು ತಾಲ್ಲೂಕು ಕೇಂದ್ರಕ್ಕೆ ವರ್ಗ ಬೇಡಿದಾಗ ನನ್ನನ್ನು ಯಾರೂ ದ್ರೋಹಿ ಎನ್ನಲಿಲ್ಲ. ಹಾರ ಹಾಕಿ ಕಳುಹಿಸಿದರು.

ಅಮೆರಿಕದಲ್ಲಿ ಆ ಕಟ್ಟು ಹಂತಹಂತವಾಗಿ ಸಡಿಲಿತು. 2021ರಲ್ಲಿ ಒಂದು ಸಲದ ವರ್ಗಾವಣೆಗೆ ದಂಡವಿಲ್ಲವೆಂದಾಯಿತು. 2023ರ ಡಿಸೆಂಬರಿನಲ್ಲಿ ವೆಸ್ಟ್ ವರ್ಜೀನಿಯಾದ ನ್ಯಾಯಾಲಯವೊಂದು ತಡೆಯಾಜ್ಞೆ ಕೊಟ್ಟ ಮೇಲೆ, 2024ರಲ್ಲಿ ಓದಿನ ಅರ್ಹತೆಯೊಂದಿದ್ದರೆ ಎಷ್ಟು ಸಲ ಬೇಕಾದರೂ ಹೋಗಬಹುದೆಂದಾಯಿತು.

ಹಣದ ಕತೆ ಇನ್ನೂ ವಿಚಿತ್ರ. ಎನ್‌ಸಿಎಎಯನ್ನು 1951ರಿಂದ 1987ರವರೆಗೆ ನಡೆಸಿದ ವಾಲ್ಟರ್ ಬೈಯರ್ಸ್ ಎಂಬ ಮಹನೀಯರ ಕಾಲದಲ್ಲಿ 'ವಿದ್ಯಾರ್ಥಿ-ಕ್ರೀಡಾಪಟು' ಎಂಬ ಪದಪುಂಜ ಹುಟ್ಟಿತು. ಕೇಳಲು ಎಷ್ಟು ಸೊಗಸು! ಆಟದಲ್ಲಿ ಗಾಯಗೊಂಡವರನ್ನೋ ಸತ್ತವರನ್ನೋ ನೌಕರರೆಂದು ಭಾವಿಸಿ ನ್ಯಾಯಾಲಯಗಳು ಪರಿಹಾರ ಕೊಡಿಸಿಯಾವೆಂಬ ಭಯವೇ ಅದರ ತಾಯಿ. ನಿವೃತ್ತಿಯ ಬಳಿಕ 1995ರಲ್ಲಿ ಅವರೇ ಪುಸ್ತಕ ಬರೆದು ತಾವು ಕಟ್ಟಿದ ವ್ಯವಸ್ಥೆಯನ್ನು ಖಂಡಿಸಿದರು. ಈ ನಡುವೆ ಟೂರ್ನಿಯ ಪ್ರಸಾರದ ಹಕ್ಕು 2010ರಲ್ಲಿ 14 ವರ್ಷಗಳಿಗೆ 1080 ಕೋಟಿ ಡಾಲರಿಗೆ ಮಾರಾಟವಾಯಿತು. 2016ರಲ್ಲಿ ಇನ್ನೂ 880 ಕೋಟಿ ಸೇರಿ 2032ರವರೆಗೆ ವಿಸ್ತರಣೆಯಾಯಿತು. ಆಟವಾಡಿದವರಿಗೆ? 2014ರಲ್ಲಿ ಚಾಂಪಿಯನ್ ಆದ ಕನೆಕ್ಟಿಕಟ್ ತಂಡದ ಶಬಾಜ್ ನೇಪಿಯರ್, ತಾನು ಹಸಿದು ಮಲಗಿದ ರಾತ್ರಿಗಳಿವೆಯೆಂದು ಪತ್ರಕರ್ತರೆದುರು ಹೇಳಿದ. ಅದೇ ತಿಂಗಳು ಎನ್‌ಸಿಎಎ ಆಟಗಾರರಿಗೆ ಹೊಟ್ಟೆ ತುಂಬ ಊಟ ಕೊಡಲು ಅನುಮತಿ ನೀಡಿತು. ಊಟಕ್ಕೂ ಅನುಮತಿ ಬೇಕಾಗಿತ್ತೆಂಬುದನ್ನು ಗಮನಿಸಿ!

ಎಡ್ ಒಬ್ಯಾನನ್ ಎಂಬ ಹಳೆಯ ಆಟಗಾರ ವಿಡಿಯೋ ಆಟವೊಂದರಲ್ಲಿ ತನ್ನನ್ನೇ ಹೋಲುವ ಬೊಂಬೆಯನ್ನು ಕಂಡು 2009ರಲ್ಲಿ ಮೊಕದ್ದಮೆ ಹೂಡಿದ. ಅಲ್ಲಿಂದ ತೆರೆದ ದಾರಿ 2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟಿಗೆ ಮುಟ್ಟಿತು. ಆಲ್ಸ್‌ಟನ್ ಪ್ರಕರಣದಲ್ಲಿ ಒಂಬತ್ತೂ ನ್ಯಾಯಮೂರ್ತಿಗಳು ಎನ್‌ಸಿಎಎ ವಿರುದ್ಧ ತೀರ್ಪಿತ್ತರು. ಮರುತಿಂಗಳಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಜಾಹೀರಾತಿನ ಹಣ ಪಡೆಯಬಹುದಾಯಿತು. ನಮ್ಮ ಎಡರ್ಟ್‌ಗೂ ಟೂರ್ನಿಯ ನಡುವೆಯೇ ಕೋಳಿರೆಕ್ಕೆ ಮಾರುವ ಹೋಟೆಲೊಂದರ ಜಾಹೀರಾತು ದೊರೆಯಿತು. ಹಿಂದಿನ ವರ್ಷವಾಗಿದ್ದರೆ ಅದೇ ಅಪರಾಧ. 2025ರ ಜೂನ್‌ನಲ್ಲಿ ಒಪ್ಪಿಗೆಯಾದ ಹೌಸ್ ಪ್ರಕರಣದ ರಾಜಿಯಂತೆ, ಒಪ್ಪಿಕೊಂಡ ಕಾಲೇಜುಗಳು ಮೊದಲ ವರ್ಷ ತಮ್ಮ ಎಲ್ಲ ಆಟಗಾರರಿಗೆ ಒಟ್ಟು ಸುಮಾರು 2 ಕೋಟಿ 5 ಲಕ್ಷ ಡಾಲರುಗಳವರೆಗೆ ನೇರವಾಗಿ ಹಂಚಬಹುದು. ಹಿಂದಿನವರಿಗೆ ಪರಿಹಾರವಾಗಿ ಸುಮಾರು 280 ಕೋಟಿ ಡಾಲರು. ಇದನ್ನು ದುರಾಸೆಯೆಂದು ಕರೆಯಲು ನನಗೆ ನಾಲಗೆ ಏಳದು. ಬಾಕಿ ಸಂದಾಯವೆಂದು ಕರೆಯುತ್ತೇನೆ.

ಹಾಗೆಂದು ಈಗಿರುವ ಸ್ಥಿತಿ ನನಗೆ ಒಪ್ಪಿಗೆಯೆ? ಇಲ್ಲ. ನಾಲ್ಕು ವರ್ಷದಲ್ಲಿ ನಾಲ್ಕು ಕಾಲೇಜು ತಿರುಗಿದ ಹುಡುಗನ ಪದವಿಯ ಗತಿಯೇನು? ಒಂದು ಕಡೆ ಓದಿದ ಪಾಠಗಳನ್ನು ಇನ್ನೊಂದು ಕಡೆ ಪೂರ್ತಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ವೃತ್ತಿಪರ ಲೀಗ್ ಸೇರುವವರು ಕೈಬೆರಳೆಣಿಕೆಯಷ್ಟು. ಮಿಕ್ಕವರಿಗೆ ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಮಂಡಿನೋವು ಮತ್ತು ಅರ್ಧ ಪದವಿ. ಸಿರಿವಂತ ಹಳೆಯ ವಿದ್ಯಾರ್ಥಿಗಳು ಕೂಟ ಕಟ್ಟಿಕೊಂಡು ಹಣ ಸುರಿಯುವ ಕಡೆಗೆ ಆಟಗಾರರು ಹರಿಯುತ್ತಾರೆ. 2025ರಲ್ಲಿ ಫ್ಲಾರಿಡಾವನ್ನು ಚಾಂಪಿಯನ್ ಮಾಡಿದ ವಾಲ್ಟರ್ ಕ್ಲೇಟನ್ ಮೊದಲು ಆಡಿದ್ದು ಐಯೋನಾದಲ್ಲಿ. ಅದು ನಮ್ಮ ನವಿಲುಗಳ ಲೀಗಿನದೇ ಚಿಕ್ಕ ಕಾಲೇಜು. ಆ ವರ್ಷ ಕೊನೆಯ ಹದಿನಾರರಲ್ಲಿ ನಾಲ್ಕು ದೊಡ್ಡ ಲೀಗುಗಳ ಹೊರಗಿನ ಒಂದು ತಂಡವೂ ಇರಲಿಲ್ಲ. ಸಸಿ ನೆಟ್ಟು ನೀರೆರೆದವರು ಒಬ್ಬರು, ಹಣ್ಣು ತಿನ್ನುವವರು ಇನ್ನೊಬ್ಬರು.

ಇದಕ್ಕೆ ಪರಿಹಾರ ಹಳೆಯ ಬೇಡಿಯಲ್ಲಿಲ್ಲ. ಹುಡುಗನನ್ನು ಮೇಜಿನ ಎದುರು ಕೂರಿಸಿ ಎರಡು ಅಥವಾ ಮೂರು ವರ್ಷದ ಕರಾರು ಮಾಡಿಕೊಳ್ಳಲಿ. ಅದು ಎರಡೂ ಕಡೆಯವರನ್ನು ಕಟ್ಟಲಿ. ಅವಧಿಗೆ ಮುನ್ನ ಕರೆದೊಯ್ಯುವ ದೊಡ್ಡ ಕಾಲೇಜು ಚಿಕ್ಕ ಕಾಲೇಜಿಗೆ ಪರಿಹಾರ ಕೊಡಲಿ. ಅಂತರರಾಷ್ಟ್ರೀಯ ಫುಟ್‌ಬಾಲಿನಲ್ಲಿ ಎಳೆಯ ಆಟಗಾರನನ್ನು ತರಬೇತುಗೊಳಿಸಿದ ಕ್ಲಬ್ಬಿಗೆ ಹಣ ಸಲ್ಲುವ ಕ್ರಮ 2001ರಿಂದ ಇದೆ, ಅಸಾಧ್ಯವೇನಲ್ಲ. ಕೋಚ್ ಬಿಟ್ಟುಹೋದರೆ ಮಾತ್ರ ಹುಡುಗರಿಗೆ ಆ ಕರಾರಿನಿಂದ ಬಿಡುಗಡೆ ಇರಲಿ. ಮುಖ್ಯವಾಗಿ, ಆಟ ಮುಗಿದ ಹತ್ತು ವರ್ಷದ ಬಳಿಕ ಬಂದರೂ ಪದವಿ ಪೂರೈಸುವ ಖರ್ಚು ಕಾಲೇಜಿನದೇ ಆಗಲಿ. ಈ ಕೊನೆಯದಕ್ಕಾಗಿ ನಮ್ಮಂಥ ಅಭಿಮಾನಿಗಳು ಗದ್ದಲವೆಬ್ಬಿಸಿದ್ದನ್ನು ನಾನು ಕಂಡಿಲ್ಲ. ಸಂಬಳದ ಸುದ್ದಿಗೆ ಮಾತ್ರ ಎಲ್ಲರಿಗೂ ಸಿಟ್ಟು.

ವರ್ಗಾವಣೆ ಯಾವಾಗಲೂ ದೊಡ್ಡವರ ಕಡೆಗೇ ಸಾಗುತ್ತದೆಂದೂ ತಿಳಿಯಬೇಡಿ. 2024ರ ಮಾರ್ಚ್ 21ರಂದು ಸೇಂಟ್ ಪೀಟರ್ಸ್ ಹೊಸ ಕೋಚ್ ಮತ್ತು ಬಹುಮಟ್ಟಿಗೆ ಹೊಸ ಹುಡುಗರೊಂದಿಗೆ ಮತ್ತೆ ಅದೇ ಟೂರ್ನಿಗೆ, ಮತ್ತೆ 15ನೆಯ ಶ್ರೇಯಾಂಕದಿಂದಲೇ ಬಂದಿತ್ತು. ಟೆನೆಸಿ ಎದುರು 83-49ರಿಂದ ಸೋತಿತು, ಹೇಳಿಕೊಳ್ಳುವಂಥದ್ದೇನೂ ಇಲ್ಲ. ಆದರೆ ಅದೇ ರಾತ್ರಿ ಕೆಂಟಕಿಯನ್ನು ಓಕ್ಲೆಂಡ್ ಎಂಬ ತಂಡ 80-76ರಿಂದ ಮಣಿಸಿತು. ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಅಲ್ಲ, ಮಿಷಿಗನ್‌ನ ಚಿಕ್ಕದೊಂದು ವಿಶ್ವವಿದ್ಯಾಲಯ. ಜ್ಯಾಕ್ ಗೋಲ್ಕಿ ಎಂಬ ಹುಡುಗ ದೂರದಿಂದಲೇ ಚೆಂಡೆಸೆದು ಮೂರು ಅಂಕದ ಹತ್ತು ಬುಟ್ಟಿಗಳನ್ನು ಹಾಕಿ ಒಟ್ಟು 32 ಅಂಕ ಗಳಿಸಿದ. ಅವನು ಕೆಳಗಿನ ವಿಭಾಗದ ಹಿಲ್ಸ್‌ಡೇಲ್ ಎಂಬ ಕಾಲೇಜಿನಲ್ಲಿ ಆಡಿ, ಕೊನೆಯದೊಂದು ವರ್ಷಕ್ಕೆಂದು ವರ್ಗಾವಣೆಯಾಗಿ ಬಂದವನು. ಮಗಳು ಅಂಕಗಳನ್ನು ಕಳುಹಿಸುವ ಹೊತ್ತಿಗೆ ಇಲ್ಲಿ ಬೆಳಗಿನ ಕಾಫಿ ಇನ್ನೂ ಇಳಿದಿರಲಿಲ್ಲ. ಅಳಿಯಂದಿರನ್ನು ಸಮಾಧಾನಪಡಿಸೋಣವೆಂದು ಕೂಡಲೇ ಫೋನ್ ಮಾಡಿದೆ. ಅವರು ಎತ್ತಲಿಲ್ಲ.