ಪಡೀಲಿನ ಹಳಿಯೂ ಟೆಹರಾನಿನ ಗದ್ದುಗೆಯೂ

ಮಂಗಳೂರಿನ ಪಡೀಲಿನಲ್ಲಿ ರೈಲುಹಳಿಗಳು ಕವಲೊಡೆಯುತ್ತವೆ. ಒಂದು ಘಟ್ಟವನ್ನೇರಿ ಹಾಸನಕ್ಕೆ ಹೋಗುತ್ತದೆ. ಇನ್ನೊಂದು ನೇತ್ರಾವತಿಯನ್ನು ದಾಟಿ ಕೇರಳಕ್ಕೆ. ಮತ್ತೊಂದು ಪಣಂಬೂರಿನ ಬಂದರಿನತ್ತ. ಬಂದರಿಗೆ ಹೋದ ಸರಕು ಹಡಗನ್ನೇರುವುದೋ ಇಲ್ಲವೋ ಎಂಬ ತೀರ್ಮಾನ ಮಾತ್ರ ಎಷ್ಟೋ ಬಾರಿ ಇಲ್ಲಿಯವರಾರೂ ಕಾಣದ ದೂರದ ರಾಜಧಾನಿಯಲ್ಲಿ ಆಗುತ್ತದೆ.

ಕುದುರೆಮುಖದ ಕಥೆಯನ್ನೇ ನೋಡಬಹುದು. 1973ರ ಅರಬ್-ಇಸ್ರೇಲ್ ಯುದ್ಧದ ಬಳಿಕ ತೈಲದ ಬೆಲೆ ನಾಲ್ಮಡಿಯಾಯಿತು. ಇರಾನಿನ ಷಾ ಅವರ ಬೊಕ್ಕಸ ತುಂಬಿತು; ಉಕ್ಕಿನ ಕಾರ್ಖಾನೆಗಳನ್ನು ಕಟ್ಟುವ ಹಂಬಲವೂ ಬೆಳೆಯಿತು. 1975ರಲ್ಲಿ ಭಾರತದೊಡನೆ ಒಪ್ಪಂದವಾಯಿತು. ಇರಾನು 63 ಕೋಟಿ ಡಾಲರ್ ಸಾಲ ಕೊಡತಕ್ಕದ್ದು. ಎರಡು ದಶಕಗಳಲ್ಲಿ 15 ಕೋಟಿ ಟನ್ ಅದಿರನ್ನು ಕೊಳ್ಳತಕ್ಕದ್ದು. 1976ರಲ್ಲಿ ಕಂಪೆನಿ ಹುಟ್ಟಿತು. ಬೆಟ್ಟ ಅಗೆದರು, ಲಖ್ಯಾ ಹೊಳೆಗೆ ಅಣೆಕಟ್ಟು ಕಟ್ಟಿದರು. ನೀರಿನಲ್ಲಿ ಕಲಸಿದ ಅದಿರು ಪಣಂಬೂರಿಗೆ ಹರಿದು ಬರಲೆಂದು 67 ಕಿಲೋಮೀಟರ್ ಉದ್ದದ ಕೊಳವೆ ಹಾಕಿದರು.

1979ರ ಜನವರಿಯಲ್ಲಿ ಷಾ ದೇಶ ಬಿಟ್ಟರು. ಕ್ರಾಂತಿಯ ಇರಾನಿಗೆ ಆ ಅದಿರು ಬೇಡವಾಯಿತು. ಸಾಲದ ಹಣವೂ ನಿಂತಿತು. 1980ರಲ್ಲಿ ಕೆಲಸ ಮುಗಿದಾಗ ಚಪ್ಪರ ಸಿದ್ಧವಾಗಿತ್ತು, ವರ ಮಾತ್ರ ಬರಲಿಲ್ಲ. ಬೆವರು ಸುರಿಸಿದ ಕಾರ್ಮಿಕನ ತಪ್ಪು ಇದರಲ್ಲಿ ಎಳ್ಳಷ್ಟೂ ಇರಲಿಲ್ಲ.

ಆಮೇಲೆ ಕಂಪೆನಿ ಬೇರೆ ದೇಶಗಳ ಬಾಗಿಲು ತಟ್ಟಿತು. 1987ರಲ್ಲಿ ಪಣಂಬೂರಿನಲ್ಲಿ ಅದಿರಿನ ಪುಡಿಯನ್ನು ಉಂಡೆ ಕಟ್ಟುವ ಕಾರ್ಖಾನೆ ಆರಂಭವಾಯಿತು. ಕೊಳ್ಳುವವನು ಕೈಬಿಟ್ಟಾಗಲೇ ಸರಕನ್ನು ಹದಗೊಳಿಸುವ ಬುದ್ಧಿ ಬಂದಿತೆನ್ನಬೇಕು. 2005ರ ಕೊನೆಗೆ ನ್ಯಾಯಾಲಯದ ಆಜ್ಞೆಯಂತೆ ಗಣಿ ಮುಚ್ಚಿತು. ಕಾರ್ಖಾನೆ ಹೊರಗಿನ ಅದಿರನ್ನು ನಂಬಬೇಕಾಯಿತು.

ಅಷ್ಟರಲ್ಲಿ ಚೀನದ ಕುಲುಮೆಗಳು ಹಸಿದಿದ್ದವು. ಬಳ್ಳಾರಿ ಸೀಮೆಯ ಅದಿರು ಘಟ್ಟವಿಳಿದು ಪಡೀಲಿನ ಮೂಲಕ ಬಂದರಿಗೆ ಬರತೊಡಗಿತು. ಈ ಬಾರಿ ಪೆಟ್ಟು ಬಂದದ್ದು ಅಮೆರಿಕದಿಂದ. ಮನೆಸಾಲಗಳು ಮುಳುಗಿ, 2008ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಲೇಮನ್ ಬ್ರದರ್ಸ್ ಬ್ಯಾಂಕು ಕುಸಿಯಿತು. ಅದಿರು, ಕಲ್ಲಿದ್ದಲುಗಳನ್ನು ಸಾಗಿಸುವ ಹಡಗುಗಳ ಬಾಡಿಗೆಯನ್ನು ಅಳೆಯುವ ಬಾಲ್ಟಿಕ್ ಸೂಚ್ಯಂಕ ಆ ವರ್ಷದ ಮೇ ತಿಂಗಳಿನಲ್ಲಿ 11,793 ಇದ್ದುದು ಡಿಸೆಂಬರಿನಲ್ಲಿ 663ಕ್ಕೆ ಇಳಿಯಿತು. ಅದಿರಿನ ಬೆಲೆಯೂ ಕುಸಿಯಿತು. ಬೆಲೆ ಬಿದ್ದಾಗ ದೊಡ್ಡ ವರ್ತಕ ಕಾದು ಕುಳಿತಾನು. ದಿನಗೂಲಿಯವನ ಒಲೆ ಕಾಯಲಾರದು.

ಹಾಗೆಂದು ಬಂದರಿನ ಬಾಗಿಲು ಮುಚ್ಚಿ ಕೂರುವುದೂ ವಿವೇಕವಲ್ಲ. ಕಡಲ ವ್ಯಾಪಾರದಿಂದಲೇ ಬೆಳೆದ ಊರು ಮಂಗಳೂರು. ಒಂದೇ ಬಾವಿಯನ್ನು ನಂಬಿ ಅಡಿಕೆ ತೋಟ ಎಬ್ಬಿಸುವವನಿಗೆ ತೋಟದ ಹಿರಿಯರು ಬುದ್ಧಿ ಹೇಳುತ್ತಾರೆ. ಆ ಮಾತು ದೇಶದ ವ್ಯಾಪಾರಕ್ಕೂ ಸಲ್ಲುತ್ತದೆ. ಕೊಳ್ಳುವವರು ಹಲವರಿರಬೇಕು, ಕಚ್ಚಾ ಸರಕು ಹದಗೊಂಡು ಹೋಗಬೇಕು, ವ್ಯಾಪಾರ ನಿಂತ ದಿನಗಳಲ್ಲಿ ಕೂಲಿಯವನ ಅನ್ನಕ್ಕೊಂದು ಆಸರೆಯಿರಬೇಕು. ಪರದೇಶದ ಗದ್ದುಗೆಯನ್ನು ನಾವು ಕಾಯಲಾರೆವು. ನಮ್ಮ ಮನೆಯ ಒಲೆಯನ್ನಾದರೂ ಕಾಯಬಹುದು.