ನೆರಳು ನೋಡಿ ಹೊಲಕ್ಕೆ ನಡೆಯಿರಿ



ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಿಂದ ಒಬ್ಬ ಸೋದರಿ ಬರೆದ ಪತ್ರ ಈ ಸಲ ನಮ್ಮ ಮುಂದಿದೆ. ಹೆಸರು ಹಾಕಬೇಡಿ ಎಂದಿದ್ದಾರೆ. ಅವರ ಎಡಗಾಲಿನ ಹಿಮ್ಮಡಿಯ ಅಡಿಯಲ್ಲಿ ಒಂದು ಕಪ್ಪು ಕಲೆ ಕಾಣಿಸಿಕೊಂಡಿತ್ತಂತೆ. ಆಣಿ ಇರಬೇಕೆಂದು ಎಲ್ಲರೂ ಸುಮ್ಮನಾದರು. ಕಲೆ ಹರಡಿತು, ಒಡೆದು ರಕ್ತ ಜಿನುಗಿತು. ತುಣುಕು ತೆಗೆದು ಪರೀಕ್ಷಿಸಿದಾಗ ಅದು ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಎಂದು ತಿಳಿಯಿತು. ಆಪರೇಷನ್ ಆಯಿತು. ತೊಡೆಯ ಚರ್ಮ ತೆಗೆದು ಹಿಮ್ಮಡಿಗೆ ಕೂಡಿಸಿದರು. ತೊಡೆಸಂದಿನ ಗ್ರಂಥಿಗಳನ್ನೂ ತೆಗೆದು ನೋಡಿದರು. ಈಗ ರೋಗದ ಸುಳಿವಿಲ್ಲ ಎಂದು ಡಾಕ್ಟರು ಹೇಳಿದ್ದಾರೆ.

ಕಷ್ಟ ಶುರುವಾಗಿದ್ದು ಆಮೇಲೆ. ಮನೆಯಲ್ಲಿ ಅತ್ತೆಯವರದು ಒಂದೇ ಮಾತು: "ಬಿಸಲಾಗ ಅಡ್ಡ್ಯಾಡಿದ್ರ ಅದು ಮತ್ತ ಬರ್ತೈತಿ, ಸುಮ್ನ ಮನ್ಯಾಗ ಕುಂದರು." ಅಂದಿನಿಂದ ಹೊಲವಿಲ್ಲ, ಹಿತ್ತಲಿಲ್ಲ, ಜಾತ್ರೆಯಿಲ್ಲ. ಶೀಗಿ ಹುಣ್ಣಿಮೆಗೆ ಎಲ್ಲರೂ ಬುತ್ತಿ ಕಟ್ಟಿಕೊಂಡು ಚರಗ ಚೆಲ್ಲಲು ಹೋದಾಗ ಇವರು ಒಬ್ಬರೇ ಮನೆ ಕಾದರು. "ರೋಗ ಹೋತು ಅಂತಾರ, ಆದ್ರ ನನ್ನ ಬದುಕು ತಿರುಗಿ ಬರಲಿಲ್ಲ" ಎಂದು ಬರೆದಿದ್ದಾರೆ. ಇದು ಬಿಸಿಲಿನಿಂದಲೇ ಬಂತೇ? ಇನ್ನು ಮುಂದೆ ಹೊರಗೆ ಹೋಗಬಹುದೇ? ಇವೆರಡು ಅವರ ಪ್ರಶ್ನೆಗಳು.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹೋಗಬಹುದು, ಹೋಗಬೇಕು. ಆದರೆ ಹೊತ್ತು ನೋಡಿ, ಮೈ ಮುಚ್ಚಿ, ಕಾಲಿಗೆ ಕಾವಲಿಟ್ಟು ಹೋಗಬೇಕು.

ಬಿಸಿಲಿನಿಂದಲೇ ಬಂತೇ?

ನಮ್ಮ ಚರ್ಮಕ್ಕೆ ಬಣ್ಣ ಕೊಡುವ ವಸ್ತುವಿಗೆ ಮೆಲನಿನ್ ಎಂದು ಹೆಸರು. ಅದನ್ನು ತಯಾರಿಸುವ ಜೀವಕೋಶಗಳು ಹದ್ದು ಮೀರಿ ಬೆಳೆದರೆ ಮೆಲನೋಮ. ಬಿಳಿ ಚರ್ಮದವರ ನಾಡುಗಳಲ್ಲಿ ಇದಕ್ಕೆ ಬಿಸಿಲೇ ದೊಡ್ಡ ಕಾರಣ. ಅದರಲ್ಲೂ ಆಸ್ಟ್ರೇಲಿಯದಲ್ಲಿ ಈ ಕಾಯಿಲೆ ಬಹಳ. ಅಂಗಿ ತೊಡಿ, ಲೇಪ ಹಚ್ಚಿ, ಟೋಪಿ ಇಡಿ ಎಂದು ಅಲ್ಲಿ 1981ರಲ್ಲೇ ಹಾಡು ಕಟ್ಟಿ ಜನರಿಗೆ ಕಲಿಸಿದರು. ನಮ್ಮ ಗೋಧಿಬಣ್ಣ, ಕಪ್ಪುಬಣ್ಣದ ಚರ್ಮದಲ್ಲಿ ಮೆಲನಿನ್ ಹೆಚ್ಚು. ಅದು ಹುಟ್ಟಿನಿಂದ ಬಂದ ಕೊಡೆಯಿದ್ದಂತೆ. ಹಾಗಾಗಿ ನಮ್ಮಲ್ಲಿ ಮೆಲನೋಮ ಬಹಳ ಅಪರೂಪ.

ಬಂದಾಗ ಎಲ್ಲಿ ಬರುತ್ತದೆ ಗೊತ್ತೇ? ಮುಖದ ಮೇಲಲ್ಲ, ತೋಳಿನ ಮೇಲಲ್ಲ. ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಕೆಳಗೆ. ಬಿಸಿಲು ಕಾಣದ ಜಾಗಗಳಿವು! ಇಂಥ ಕಡೆ ಬರುವ ಮೆಲನೋಮಕ್ಕೆ ಬಿಸಿಲು ಮುಖ್ಯ ಕಾರಣವಲ್ಲ. ಆದ್ದರಿಂದ ಗೊಟಗೋಡಿಯ ಸೋದರಿ, "ನಾನು ಬಿಸಿಲಲ್ಲಿ ಕಳೆ ತೆಗೆದೆ, ಅದಕ್ಕೇ ಬಂತು" ಎಂದು ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ಇದು ಅಂಟುರೋಗವೂ ಅಲ್ಲ. ನಿಮ್ಮ ತಟ್ಟೆ ಬೇರೆ, ಹಾಸಿಗೆ ಬೇರೆ ಮಾಡುವ ಅಗತ್ಯ ಖಂಡಿತ ಇಲ್ಲ.

ಜಮೈಕಾದ ಜಗತ್ಪ್ರಸಿದ್ಧ ಗಾಯಕ ಬಾಬ್ ಮಾರ್ಲೆಯ ಹೆಸರು ನಿಮ್ಮ ಮಕ್ಕಳು ಕೇಳಿರಬಹುದು. 1977ರಲ್ಲಿ ಅವರ ಕಾಲಿನ ಹೆಬ್ಬೆರಳಿನ ಉಗುರಿನಡಿ ಇದೇ ರೋಗ ಪತ್ತೆಯಾಯಿತು. ಮೊದಲು ಅದನ್ನು ಫುಟ್ಬಾಲ್ ಆಡುವಾಗ ಆದ ಗಾಯವೆಂದೇ ತಿಳಿದಿದ್ದರು. 1981ರ ಮೇ ತಿಂಗಳಲ್ಲಿ, 36ನೆಯ ವಯಸ್ಸಿಗೇ ತೀರಿಕೊಂಡರು. ನಮ್ಮ ಹಳ್ಳಿಗಳಲ್ಲೂ ಅದೇ ಕಥೆ ನೋಡಿ: ಆಣಿ, ಮುಳ್ಳು ಮುರಿದದ್ದು, ಸಕ್ಕರೆ ಕಾಯಿಲೆಯ ಹುಣ್ಣು ಎಂದು ತಿಂಗಳುಗಟ್ಟಲೆ ಕಳೆದುಬಿಡುತ್ತೇವೆ.

ಹಾಗಾದರೆ ಬಿಸಿಲಿಗೆ ಎಚ್ಚರಿಕೆ ಯಾಕೆ?

ಒಮ್ಮೆ ಮೆಲನೋಮ ಬಂದವರಿಗೆ ಬೇರೆ ಕಡೆ ಇನ್ನೊಂದು ಬರುವ ಸಂಭವ ಉಳಿದವರಿಗಿಂತ ಹೆಚ್ಚು. ಅದಕ್ಕಾಗಿ ಬಣ್ಣ ಯಾವುದೇ ಇರಲಿ, ಚರ್ಮ ಸುಡದಂತೆ ನೋಡಿಕೊಳ್ಳಿ ಎಂದು ವೈದ್ಯರು ಎಲ್ಲರಿಗೂ ಹೇಳುತ್ತಾರೆ. ಮೆಲನೋಮಕ್ಕೆ ಕೊಡುವ ಕೆಲವು ಮಾತ್ರೆಗಳಿಂದ ಚರ್ಮ ಬಿಸಿಲಿಗೆ ಬೇಗ ಸುಡುವುದೂ ಉಂಟು. ನಿಮ್ಮ ಮಾತ್ರೆ ಅಂಥದೇ ಎಂದು ಡಾಕ್ಟರನ್ನು ಕೇಳಿಕೊಳ್ಳಿ.

ಹಾಗೆಂದು ಕತ್ತಲ ಕೋಣೆಯಲ್ಲಿ ಕೂರುವುದು ಔಷಧವಲ್ಲ. ನಡೆದಾಡಿದರೆ ಚಿಕಿತ್ಸೆಯ ದಣಿವು ಇಳಿಯುತ್ತದೆ, ಊಟ ಸೇರುತ್ತದೆ, ನಿದ್ದೆ ಬರುತ್ತದೆ. ಬಿಸಿಲೇ ಕಾಣದಿದ್ದರೆ ಎಲುಬಿಗೆ ಬೇಕಾದ 'ಡಿ' ಜೀವಸತ್ವ ಕಡಿಮೆಯಾಗುತ್ತದೆ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ರಕ್ತದಲ್ಲಿ ಅದನ್ನೂ ನೋಡಿಸಿ. ಕಡಿಮೆಯಿದ್ದರೆ ಮಾತ್ರೆ ಕೊಡುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ನಾಲ್ಕು ಜನರ ನಡುವೆ ನಕ್ಕು ಬಂದರೆ ಮನಸ್ಸಿನ ಭಯ ಅರ್ಧ ಕರಗುತ್ತದೆ.

ನೆರಳೇ ಗಡಿಯಾರ

ಬಿಸಿಲಿನಲ್ಲಿ ಚರ್ಮಕ್ಕೆ ಕೇಡು ಮಾಡುವುದು ಕಣ್ಣಿಗೆ ಕಾಣದ ಅತಿನೇರಳೆ ಕಿರಣ. ಅದಕ್ಕೂ ಸೆಕೆಗೂ ಸಂಬಂಧವಿಲ್ಲ. ತಂಪು ಗಾಳಿ ಬೀಸುವ ದಿನವೂ ಅದು ಇರುತ್ತದೆ. ತೆಳುಮೋಡದ ಮೂಲಕವೂ ಇಳಿಯುತ್ತದೆ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ನಾಲ್ಕರವರೆಗೆ ಅದರ ಜೋರು ಹೆಚ್ಚು.

ಕೈಗಡಿಯಾರ ಇಲ್ಲವೇ? ನೆಲದ ಮೇಲೆ ಬಿದ್ದ ನಿಮ್ಮ ನೆರಳನ್ನು ನೋಡಿ. ನೆರಳು ನಿಮಗಿಂತ ಉದ್ದವಾಗಿದ್ದರೆ ಬಿಸಿಲು ಮೃದು, ಕೆಲಸ ಮಾಡಬಹುದು. ನೆರಳು ನಿಮಗಿಂತ ಗಿಡ್ಡವಾಯಿತೆಂದರೆ ಮರದಡಿ ಸರಿಯಿರಿ. ಅತ್ತೆಯವರಿಗೂ ಮಕ್ಕಳಿಗೂ ತಟ್ಟನೆ ತಿಳಿಯುವ ಲೆಕ್ಕವಿದು.

ಹೊಲದ ಕೆಲಸವನ್ನು ಇದಕ್ಕೆ ಹೊಂದಿಸಿಕೊಳ್ಳಿ. ಮೆಣಸಿನಕಾಯಿ ಬಿಡಿಸುವುದು, ಹತ್ತಿ ಬಿಡಿಸುವುದು ಬೆಳಗಿನ ಹೊತ್ತಿಗೆ ಇರಲಿ. ಶೇಂಗಾ ಸುಲಿಯುವುದು, ಕಾಳು ಹಸನು ಮಾಡುವುದು ನಡುಹಗಲಲ್ಲಿ ಪಡಸಾಲೆಯಲ್ಲಿ ಆಗಲಿ. ಹಪ್ಪಳ ಸಂಡಿಗೆ ಒಣಹಾಕುವ ಕಾಲದಲ್ಲಿ ಹಪ್ಪಳ ಬಿಸಿಲಿನಲ್ಲಿರಲಿ, ಕಾವಲು ಕೂತ ನೀವು ನೆರಳಿನಲ್ಲಿರಿ!

ಉಡುಪೇ ಮೊದಲ ಲೇಪ

ದುಬಾರಿ ಡಬ್ಬಿಗಳಿಗಿಂತ ಮೊದಲು ನಿಮ್ಮ ಟ್ರಂಕು ತೆರೆಯಿರಿ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ಆಚೆಯ ಬೆಳಕು ಕಂಡರೆ ಬಿಸಿಲೂ ಒಳಗೆ ಬರುತ್ತದೆ. ತೆಳು ವಾಯಿಲ್‌ಗಿಂತ ದಟ್ಟ ನೇಯ್ಗೆಯ ಹತ್ತಿ ಸೀರೆ ಒಳ್ಳೆಯದು. ತೆಳು ಬಿಳಿಗಿಂತ ಗಾಢ ಬಣ್ಣ ಒಳ್ಳೆಯದು. ಒದ್ದೆಯಾದ ಬಟ್ಟೆ ಬಿಸಿಲನ್ನು ಅಷ್ಟಾಗಿ ತಡೆಯುವುದಿಲ್ಲ. ನಮ್ಮ ಕಡೆ ಹೆಣ್ಣುಮಕ್ಕಳು ಹೊಲದಲ್ಲಿ ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ ಹಾಕಿಕೊಳ್ಳುತ್ತಾರಲ್ಲ, ಅದಕ್ಕಿಂತ ಒಳ್ಳೆಯ ಉಪಾಯ ಯಾರೂ ಹೇಳಿಕೊಡಲಾರರು. ತಲೆಗೆ ಸೆರಗಿನ ಜೊತೆ ಅಗಲ ಅಂಚಿನ ಟೋಪಿ ಅಥವಾ ಕೊಡೆ ಇರಲಿ. ಕಿವಿ, ಕುತ್ತಿಗೆಯ ಹಿಂಭಾಗ ಮರೆಯಬೇಡಿ.

ಬಟ್ಟೆ ಮುಚ್ಚದ ಕಡೆಗೆ ಸನ್‌ಸ್ಕ್ರೀನ್ ಲೇಪ. ಡಬ್ಬಿಯ ಮೇಲೆ ಎಸ್.ಪಿ.ಎಫ್. 30 ಅಥವಾ ಅದಕ್ಕಿಂತ ಹೆಚ್ಚು ಎಂದಿರಬೇಕು, 'ಬ್ರಾಡ್ ಸ್ಪೆಕ್ಟ್ರಂ' ಎಂದೂ ಬರೆದಿರಬೇಕು. ತೋರುಬೆರಳು, ನಡುಬೆರಳುಗಳ ಉದ್ದಕ್ಕೂ ಒಂದೊಂದು ಗೆರೆ ಹಿಂಡಿದರೆ ಮುಖ, ಕುತ್ತಿಗೆಗೆ ಸರಿಹೋಗುತ್ತದೆ. ಹೊರಡುವ ಕಾಲುಗಂಟೆ ಮೊದಲು ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಬೆವರಿ ಒರೆಸಿಕೊಂಡರೆ ಇನ್ನೂ ಬೇಗ. ಅರಿಸಿನ, ಗಂಧ, ಕೊಬ್ಬರಿ ಎಣ್ಣೆ ಬಿಸಿಲಿಗೆ ತಡೆಯಲ್ಲ. ಬೆಳ್ಳಗಾಗುವ ಕ್ರೀಮೂ ಸನ್‌ಸ್ಕ್ರೀನ್ ಅಲ್ಲ.

ಕಾಲಿಗೆ ಕಾವಲು

ಕೂಡಿಸಿದ ಚರ್ಮಕ್ಕೆ ಸ್ಪರ್ಶ ಕಡಿಮೆ. ಕಾದ ಬಂಡೆ ಸುಟ್ಟರೂ, ಮುಳ್ಳು ನೆಟ್ಟರೂ ತಕ್ಷಣ ಗೊತ್ತಾಗದು. ಅದಕ್ಕೆ ಬರಿಗಾಲು ಬೇಡವೇ ಬೇಡ. ಮೆತ್ತನೆಯ ತಳದ, ಮುಂದೆ ಮುಚ್ಚಿದ ಚಪ್ಪಲಿ ಅಥವಾ ಬೂಟು, ಒಳಗೆ ಹತ್ತಿಯ ಕಾಲುಚೀಲ ಹಾಕಿಕೊಳ್ಳಿ. ಮೆಟ್ಟುವ ಮೊದಲು ಒಳಗೆ ಕೈಯಾಡಿಸಿ ಹರಳು ತೆಗೆಯಿರಿ. ಗುಡಿಗೆ ಹೋದಾಗ ಚಪ್ಪಲಿ ಬಿಡಬೇಕಾದರೆ ಕಾಲುಚೀಲ ಇರಲಿ, ದೇವರು ಬೇಸರ ಮಾಡಿಕೊಳ್ಳುವುದಿಲ್ಲ.

ತೊಡೆಸಂದಿನ ಗ್ರಂಥಿ ತೆಗೆದ ಕಾಲು ಬಾಯುವುದುಂಟು. ಒಂದೇ ಸಮನೆ ನಿಲ್ಲಬೇಡಿ, ಒಂದೇ ಸಮನೆ ಕೂರಲೂ ಬೇಡಿ. ಸ್ವಲ್ಪ ನಡೆಯಿರಿ, ಆಮೇಲೆ ಕಾಲು ಎತ್ತರಕ್ಕಿಟ್ಟು ಕೂತುಕೊಳ್ಳಿ. ಕಾಲು ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ಅದೇ ದಿನ ವೈದ್ಯರಿಗೆ ತೋರಿಸಿ.

ಮೊದಲ ಸುತ್ತಾಟ

ದೂರ ಹೋಗಬೇಕಿಲ್ಲ. ನಿಮ್ಮೂರಲ್ಲೇ ಹೆದ್ದಾರಿಯ ಪಕ್ಕ ಉತ್ಸವ ರಾಕ್ ಗಾರ್ಡನ್ ಇದೆ. ಕಲಾವಿದ ಟಿ.ಬಿ. ಸೊಲಬಕ್ಕನವರ ಕಲ್ಪನೆಯಲ್ಲಿ ಮೂಡಿದ ತೋಟ ಅದು. ಹಳ್ಳಿಯ ಮನೆ, ದನಕರು, ದುಡಿಯುವ ಹೆಣ್ಣು ಗಂಡು ಎಲ್ಲ ಜೀವಂತ ನಿಂತಂತೆ ಕಾಣುತ್ತವೆ. ದೂರದೂರಿನವರು ಬಸ್ಸು ಮಾಡಿಕೊಂಡು ಬಂದು ನೋಡುವಾಗ ಊರಿನ ಮಗಳು ಮನೆಯಲ್ಲಿ ಕೂರುವುದೇ? ಮಕ್ಕಳನ್ನು ಕರೆದುಕೊಂಡು ಬೆಳಗಿನ ಹೊತ್ತೋ, ಇಳಿಹೊತ್ತೋ ಹೋಗಿ. ಅರ್ಧ ನೋಡಿ, ನೆರಳಲ್ಲಿ ಕೂತು ಮಜ್ಜಿಗೆ ಕುಡಿದು ಬನ್ನಿ. ಉಳಿದರ್ಧ ಮುಂದಿನ ವಾರಕ್ಕಿರಲಿ.

ಅಷ್ಟು ಧೈರ್ಯ ಬಂದಮೇಲೆ ಈ ವರ್ಷದ ಶೀಗಿ ಹುಣ್ಣಿಮೆ. ಆ ಹೊತ್ತಿಗೆ ಮಳೆ ಹಿಂದೆ ಸರಿದು ಆಕಾಶ ತೊಳೆದಂತಿರುತ್ತದೆ, ಬಿಸಿಲು ಚುರುಕು. ಬೆಳಿಗ್ಗೆ ಬೇಗ ಬಂಡಿ ಹೂಡಲು ಹೇಳಿ. ಪೂಜೆ, ಚರಗ ತಂಪುಹೊತ್ತಲ್ಲೇ ಮುಗಿಯಲಿ. ಆಮೇಲೆ ಬೇವಿನ ಮರದಡಿ ಕಂಬಳಿ ಹಾಸಿ ಬುತ್ತಿ ಬಿಚ್ಚಿ. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಪುಂಡಿ ಪಲ್ಲೆ, ಕಡುಬು, ಮೊಸರನ್ನ, ಎಲ್ಲ ಉಣ್ಣಿ. ನಮ್ಮ ಕಡೆಯಿಂದ ಬುತ್ತಿಗಂಟಿಗೆ ಒಂದು ಸೇರ್ಪಡೆ:

ಬುತ್ತಿಯ ಮಜ್ಜಿಗೆ: ಒಂದು ಲೋಟ ಗಟ್ಟಿ ಮೊಸರಿಗೆ ಮೂರು ಲೋಟ ನೀರು ಹಾಕಿ ಕಡೆಯಿರಿ. ಅರ್ಧ ಚಮಚ ಹುರಿದ ಜೀರಿಗೆ ಪುಡಿ, ಜಜ್ಜಿದ ಸಣ್ಣ ಶುಂಠಿ ತುಂಡು, ನಾಲ್ಕು ಕರಿಬೇವಿನೆಲೆ, ಕೊತ್ತಂಬರಿ, ರುಚಿಗೆ ಉಪ್ಪು ಸೇರಿಸಿ. ಮಣ್ಣಿನ ಗಡಿಗೆಗೆ ತುಂಬಿ, ಬಾಯಿಗೆ ಒದ್ದೆ ಬಟ್ಟೆ ಕಟ್ಟಿ ನೆರಳಲ್ಲಿಡಿ. ಬಾಯಾರುವ ಮೊದಲೇ ಕುಡಿಯಿರಿ.

ತಿಂಗಳಿಗೊಂದು ದಿನ ಕಾಲು ನೋಡುವ ದಿನ

ಇದು ಗೊಟಗೋಡಿಯ ಸೋದರಿಗೆ ಮಾತ್ರವಲ್ಲ, ನಮಗೆಲ್ಲರಿಗೂ. ಹುಣ್ಣಿಮೆಯೋ ಅಮಾವಾಸ್ಯೆಯೋ, ನೆನಪಿರುವ ಒಂದು ದಿನ ಗೊತ್ತು ಮಾಡಿಕೊಳ್ಳಿ. ತಲೆಸ್ನಾನವಾದ ಮೇಲೆ ಒಳ್ಳೆಯ ಬೆಳಕಿನಲ್ಲಿ ಕೈಗನ್ನಡಿ ಹಿಡಿದು ಅಂಗಾಲು, ಬೆರಳ ಸಂದು, ಉಗುರು, ಅಂಗೈ ನೋಡಿ. ಕಾಲುಂಗುರ ಸರಿಸಿ ನೋಡಿ. ಬೆನ್ನನ್ನು ಮಗಳೋ ಗಂಡನೋ ನೋಡಲಿ. ಮದರಂಗಿ, ಉಗುರುಬಣ್ಣ ಎಲ್ಲವನ್ನೂ ಮರೆಮಾಡುತ್ತವೆ. ಆದ್ದರಿಂದ ಹಚ್ಚುವ ಮೊದಲು ನೋಡಿ.

ಡಾಕ್ಟರಿಗೆ ತೋರಿಸಲೇಬೇಕಾದವು ಇವು:

ಅರ್ಧಕ್ಕರ್ಧ ಹೊಂದದ, ಅಂಚು ಕಚ್ಚುಕಚ್ಚಾದ ಮಚ್ಚೆ.
ಒಂದೇ ಮಚ್ಚೆಯಲ್ಲಿ ಎರಡು ಮೂರು ಬಣ್ಣ.
6 ಮಿಲಿಮೀಟರಿಗಿಂತ, ಅಂದರೆ ಪೆನ್ಸಿಲಿನ ಹಿಂತುದಿಗಿಂತ ಅಗಲವಾದದ್ದು. ಚಿಕ್ಕದಾದರೂ ಬೆಳೆಯುತ್ತ, ಬದಲಾಗುತ್ತ ಇರುವುದು.
ವಾಸಿಯಾಗದ ಅಂಗಾಲಿನ ಹುಣ್ಣು, ರಕ್ತ ಬರುವ 'ಆಣಿ'.
ಒಂದೇ ಉಗುರಿನಲ್ಲಿ ಹೊಸದಾಗಿ ಕಂಡು ಅಗಲವಾಗುತ್ತಿರುವ ಕಪ್ಪು ಗೆರೆ, ಅದರಲ್ಲೂ ಉಗುರ ಬುಡದ ಚರ್ಮಕ್ಕೆ ಹಬ್ಬಿದ್ದು. (ಕಪ್ಪು ಚರ್ಮದವರಿಗೆ ಹಲವು ಉಗುರುಗಳಲ್ಲಿ ತೆಳು ಕಂದು ಗೆರೆ ಇರುವುದು ಸಾಮಾನ್ಯ, ಅದಕ್ಕೆ ಗಾಬರಿ ಬೇಡ.)

ಚಿಕಿತ್ಸೆಯಾದವರು ಆಪರೇಷನ್ ಗಾಯದ ಸುತ್ತಮುತ್ತ, ಮೊಣಕಾಲ ಹಿಂದೆ, ತೊಡೆಸಂದಿನಲ್ಲಿ ಗಂಟು ಸಿಗುತ್ತದೆಯೇ ಎಂದೂ ಬೆರಳಿನಿಂದ ಒತ್ತಿ ನೋಡಿಕೊಳ್ಳಬೇಕು. ಡಾಕ್ಟರು ಕರೆದ ತಾರೀಖನ್ನು ಸುಗ್ಗಿ, ಮದುವೆ ಎಂದು ಮುಂದೂಡಬಾರದು.

ಸಂಶಯದ ಕಲೆಯನ್ನು ಬ್ಲೇಡಿನಿಂದ ಕೆತ್ತಬೇಡಿ, ಎಕ್ಕೆಯ ಹಾಲು, ಕೇರಿನೆಣ್ಣೆ ಹಚ್ಚಿ ಸುಡಬೇಡಿ. ಹುಬ್ಬಳ್ಳಿಯ ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ. ಅಲ್ಲಿಯೇ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸಂಸ್ಥೆಯಿದೆ. ಬಿ.ಪಿ.ಎಲ್. ಕಾರ್ಡಿನವರು ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯ ನೆರವನ್ನು ಕೇಳಿ ಪಡೆಯಿರಿ. ಬೇಗ ಕಂಡುಹಿಡಿದರೆ ಬರೀ ಆಪರೇಷನ್ನಿನಿಂದಲೇ ಗುಣವಾಗುವ ರೋಗವಿದು. ತಡವಾದಷ್ಟೂ ಕಷ್ಟ.

ಕೊನೆಗೆ ಅತ್ತೆಯವರಿಗೊಂದು ಮಾತು. ಅಮ್ಮಾ, ನಿಮ್ಮ ಹೆದರಿಕೆ ಪ್ರೀತಿಯಿಂದ ಬಂದದ್ದು, ನಮಗೆ ಗೊತ್ತು. ಆದರೆ ಸೊಸೆಯನ್ನು ಕೋಣೆಯಲ್ಲಿಟ್ಟು ಕಾಯುವ ಬದಲು ಅವಳ ಜೊತೆ ಕೊಡೆ ಹಿಡಿದು ಹೊರಡಿ. ತಿಂಗಳಿಗೊಮ್ಮೆ ಅವಳ ಅಂಗಾಲು ನೀವು ನೋಡಿ, ನಿಮ್ಮ ಅಂಗಾಲು ಅವಳು ನೋಡಲಿ. ಒಬ್ಬರಿಗೊಬ್ಬರು ಮಾಡುವ ಇದಕ್ಕಿಂತ ದೊಡ್ಡ ಉಪಚಾರ ಇನ್ನೊಂದಿಲ್ಲ.